ಹುಲ್ಲು ಹೊಡೆಯುವ ಮಿಷನ್: ಮನೆಯಲ್ಲೇ ನೋಡಿಕೊಳ್ಳುವ ಬಗೆ

ಮಲೆನಾಡು, ಕರಾವಳಿ ಕಡೆಯ ಅಡಿಕೆ, ಕಾಫಿ ತೋಟದವರ ಮನೆಯಲ್ಲಿ ಈಗ ಹುಲ್ಲು ಹೊಡೆಯುವ ಮಿಷನ್ ಇಲ್ಲದಿರುವುದೇ ಅಪರೂಪ. ಒಬ್ಬರು ವೀಡ್ ಕಟರ್ ಎನ್ನುತ್ತಾರೆ, ಇನ್ನೊಬ್ಬರು ಬ್ರಶ್ ಕಟರ್ ಎನ್ನುತ್ತಾರೆ. ಉದ್ದನೆಯ ಕೋಲಿನ ಒಂದು ತುದಿಗೆ ಇಂಜಿನ್, ಇನ್ನೊಂದು ತುದಿಗೆ ಬ್ಲೇಡು. ಆಳು ಸಿಗದ ಈ ಕಾಲದಲ್ಲಿ ಕೊಯ್ಲಿಗೆ ಮೊದಲು ತೋಟ ಚೊಕ್ಕ ಆಗಬೇಕೆಂದರೆ ಇದೇ ಗತಿ. ಬುಡದಲ್ಲಿ ಹುಲ್ಲು ಎದ್ದು ನಿಂತರೆ ಉದುರಡಿಕೆ ಹೆಕ್ಕುವುದು ಹೇಗೆ? ಆದರೆ ಮಳೆ ಬಿಟ್ಟು ಇನ್ನೇನು ಶುರು ಮಾಡಬೇಕು ಎನ್ನುವಾಗಲೇ ಮಿಷನ್ ಸ್ಟಾರ್ಟ್ ಆಗುವುದಿಲ್ಲ. ಪೇಟೆಗೆ ಒಯ್ದರೆ ಮೆಕ್ಯಾನಿಕ್ ಅಂಗಡಿಯ ಮುಂದೆ ಊರಿನ ಮಿಷನ್‌ಗಳೆಲ್ಲ ಆಗಲೇ ಸಾಲಾಗಿ ಮಲಗಿರುತ್ತವೆ.

ಅಲ್ಲಿ ಮಲಗಿರುವ ಬಹಳಷ್ಟು ಮಿಷನ್‌ಗಳಿಗೆ ದೊಡ್ಡ ರೋಗ ಏನೂ ಇರುವುದಿಲ್ಲ. ಹಳೇ ಪೆಟ್ರೋಲು ಮತ್ತು ಕಸ, ಈ ಎರಡೇ ಕಾರಣ. ಎರಡನ್ನೂ ಮನೆಯ ಅಂಗಳದಲ್ಲಿ ಕೂತು ನಾವೇ ಸರಿಮಾಡಬಹುದು. ಅದಕ್ಕೂ ಮುಂಚೆ, ಕೆಡದ ಹಾಗೆ ನೋಡಿಕೊಳ್ಳಬಹುದು. ಇಲ್ಲಿ ಬರೆದಿರುವುದು ಅದರ ಕ್ರಮ.

ನಿಮ್ಮದು ಎರಡು ಸ್ಟ್ರೋಕೋ, ನಾಲ್ಕು ಸ್ಟ್ರೋಕೋ?

ಎಲ್ಲಕ್ಕೂ ಮೊದಲು ಇದು ಗೊತ್ತಿರಬೇಕು. ಎರಡು ಸ್ಟ್ರೋಕಿನ ಮಿಷನ್‌ಗೆ ಇಂಜಿನ್ ಆಯಿಲ್ ಹಾಕುವ ಬೇರೆ ಜಾಗ ಇರುವುದಿಲ್ಲ. ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. ಸ್ಟಿಲ್ ಕಂಪನಿಯ ಎಫ್‌ಎಸ್ 120, ಎಫ್‌ಎಸ್ 250 ಈ ಜಾತಿ. ನಾಲ್ಕು ಸ್ಟ್ರೋಕಿನದಕ್ಕೆ ಇಂಜಿನ್ನಿನ ಪಕ್ಕದಲ್ಲಿ ಆಯಿಲ್‌ಗೆಂದೇ ಒಂದು ಮುಚ್ಚಳ ಇರುತ್ತದೆ. ಹೋಂಡಾದ ಯುಎಂಕೆ 435 ಹೀಗಿರುತ್ತದೆ. ಅದರಲ್ಲಿರುವುದು 35.8 ಸಿಸಿಯ ಜಿಎಕ್ಸ್35 ಇಂಜಿನ್. ಅದರ ಟ್ಯಾಂಕಿಗೆ ಬರೀ ಪೆಟ್ರೋಲು ಹೋಗಬೇಕು.

ಮನೆಯಲ್ಲಿ ಎರಡೂ ಜಾತಿಯ ಮಿಷನ್ ಇದ್ದರೆ ಪೆಟ್ರೋಲಿನ ಕ್ಯಾನು ಬೇರೆ ಬೇರೆ ಇರಲಿ. ಕ್ಯಾನಿನ ಮೇಲೆ ಪೇಂಟಿನಲ್ಲಿ ದೊಡ್ಡದಾಗಿ ಬರೆದಿಡಿ. ಎರಡು ಸ್ಟ್ರೋಕಿನ ಇಂಜಿನ್ನಿಗೆ ಆಯಿಲ್ ಇಲ್ಲದ ಪೆಟ್ರೋಲು ಹೋದರೆ ಕೆಲವೇ ನಿಮಿಷದಲ್ಲಿ ಪಿಸ್ಟನ್ ಜಾಮ್ ಆಗಿ ಸಿಲಿಂಡರಿಗೆ ಗೀರು ಬೀಳುತ್ತದೆ. ಆ ರಿಪೇರಿಯ ಖರ್ಚು ಕೇಳಿದರೆ ಹೊಸ ಮಿಷನ್ನೇ ತರೋಣ ಅನ್ನಿಸುತ್ತದೆ.

ಕೈಯಲ್ಲಿ ಇರಬೇಕಾದ್ದು

ಮಿಷನ್ ಜೊತೆ ಬಂದ ಪ್ಲಗ್ ಸ್ಪ್ಯಾನರ್ (ಇಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಬಿಚ್ಚಲು) ಮತ್ತು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ಚಪ್ಪಟೆ ಅರ, ಹಳೇ ಹಲ್ಲುಜ್ಜುವ ಬ್ರಷ್, ಸಣ್ಣ ತಂತಿ ಬ್ರಷ್, ಲಿಥಿಯಂ ಗ್ರೀಸ್, ಬಟ್ಟೆಯ ಚಿಂದಿ. ಔಷಧಿ ಅಂಗಡಿಯಿಂದ 20 ಎಂಎಲ್‌ನ ಒಂದು ಸಿರಿಂಜ್ ತಂದಿಡಿ, ಯಾಕೆಂದು ಮುಂದೆ ಹೇಳುತ್ತೇನೆ. ಒಂದು ಹೊಸ ಪ್ಲಗ್, ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರ್ ಒಂದು, ಸ್ಟಾರ್ಟರ್ ಹಗ್ಗ ಒಂದು ಸದಾ ಮನೆಯಲ್ಲಿರಲಿ. ಯಾವುದೂ ದುಬಾರಿ ಸಾಮಾನಲ್ಲ. ಆದರೆ ಬೇಕಾದ ದಿನ ಪೇಟೆಗೆ ಓಡುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಮಿಷನ್ ಜೊತೆ ಬಂದ ಪುಸ್ತಕವನ್ನು ಎಸೆಯಬೇಡಿ. ನಾನು ಇಲ್ಲಿ ಹೇಳುವ ಅಳತೆಗೂ ಅದರಲ್ಲಿರುವ ಅಳತೆಗೂ ವ್ಯತ್ಯಾಸ ಕಂಡರೆ ಪುಸ್ತಕದ ಮಾತನ್ನೇ ಕೇಳಿ.

ಇನ್ನೊಂದು ಮಾತು. ಬ್ಲೇಡಿಗಾಗಲಿ ಗೇರ್ ಬಾಕ್ಸಿಗಾಗಲಿ ಕೈ ಹಾಕುವ ಮೊದಲು ಇಂಜಿನ್ ಆಫ್ ಮಾಡಿ, ಪ್ಲಗ್ಗಿನ ಟೋಪಿ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಸೈಲೆನ್ಸರ್ ಪೂರ್ತಿ ತಣ್ಣಗಾಗಲಿ. ಪೆಟ್ರೋಲು ಮುಟ್ಟುವ ಕೆಲಸವೆಲ್ಲ ಬಯಲಲ್ಲಿ ನಡೆಯಲಿ. ಬಚ್ಚಲೊಲೆ ಉರಿಯುವ ಕಡೆ, ಬೀಡಿ ಸೇದುವವರ ಪಕ್ಕ ಬೇಡವೇ ಬೇಡ.

ಪೆಟ್ರೋಲು: ಅರ್ಧ ರೋಗ ಇಲ್ಲೇ

ಎರಡು ಸ್ಟ್ರೋಕಿನ ಮಿಷನ್ ಇದ್ದವರು ಬೆರಕೆಯ ಲೆಕ್ಕ ಸರಿಯಾಗಿ ತಿಳಿದುಕೊಳ್ಳಿ. 50ಕ್ಕೆ 1 ಎಂದರೆ ಒಂದು ಲೀಟರಿಗೆ 20 ಎಂಎಲ್ ಆಯಿಲ್. 40ಕ್ಕೆ 1 ಎಂದರೆ 25 ಎಂಎಲ್. 25ಕ್ಕೆ 1 ಎಂದರೆ 40 ಎಂಎಲ್. ಸ್ಟಿಲ್‌ನವರು ತಮ್ಮದೇ ಆಯಿಲಿಗೆ 50ಕ್ಕೆ 1 ಹೇಳುತ್ತಾರೆ. ಬೇರೆ ಆಯಿಲ್ ಆದರೆ ಮಿಷನ್ನಿನ ಪುಸ್ತಕ, ಆಯಿಲ್ ಡಬ್ಬಿ ಎರಡನ್ನೂ ನೋಡಿ ಅಳತೆ ಹಿಡಿಯಿರಿ. ಡಬ್ಬಿಯ ಮೇಲೆ ಜಾಸೋ (ಆಯಿಲಿನ ಗುಣಮಟ್ಟ ಹೇಳುವ ಜಪಾನಿನ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದು ಬರೆದಿದ್ದರೆ ಒಳ್ಳೆಯದು. ಅದರಲ್ಲೂ ಎಫ್‌ಡಿ ಇಂಜಿನ್ ಒಳಗೆ ಮಸಿ ಕಟ್ಟಲು ಬಿಡುವುದು ಕಡಿಮೆ. ದೋಣಿಯ ಇಂಜಿನ್ನಿಗೆಂದು ಬರುವ ಟಿಸಿ-ಡಬ್ಲ್ಯು3 ಆಯಿಲ್ ನಮ್ಮ ಕೆಲಸಕ್ಕಲ್ಲ. ಅದು ನೀರಿನಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ್ದು. ನಮ್ಮ ಮಿಷನ್ ಗಾಳಿಯಲ್ಲೇ ತಣ್ಣಗಾಗಬೇಕು, ಬಿಸಿ ಜಾಸ್ತಿ.

ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಸುಡುತ್ತದೆ. ಜಾಸ್ತಿಯಾದರೆ ಹೊಗೆ, ಪ್ಲಗ್ಗಿಗೆ ಮಸಿ, ಸೈಲೆನ್ಸರ್ ಕಟ್ಟುವುದು. ಸಿರಿಂಜ್ ಇಟ್ಟುಕೊಳ್ಳಿ ಎಂದದ್ದು ಇದಕ್ಕೇ. ಸಿರಿಂಜಿನಲ್ಲಿ ಎಳೆದು ಹಾಕಿದರೆ ಅಳತೆ ತಪ್ಪುವ ಮಾತಿಲ್ಲ. ಕ್ಯಾನಿಗೆ ಮೊದಲು ಆಯಿಲ್, ಆಮೇಲೆ ಅರ್ಧ ಪೆಟ್ರೋಲು ಹಾಕಿ ಚೆನ್ನಾಗಿ ಕುಲುಕಿ. ಉಳಿದ ಪೆಟ್ರೋಲು ಹಾಕಿ ಮತ್ತೆ ಕುಲುಕಿ. ಟ್ಯಾಂಕಿಗೆ ಸುರಿಯುವ ಮುಂಚೆ ಪ್ರತಿ ಸಲವೂ ಇನ್ನೊಮ್ಮೆ ಕುಲುಕಬೇಕು. ಬೆರಕೆಯನ್ನು ಮಿಷನ್ನಿನ ಟ್ಯಾಂಕಿನಲ್ಲೇ ಮಾಡಬೇಡಿ, ಅಲ್ಲಿ ಸರಿಯಾಗಿ ಬೆರೆಯುವುದಿಲ್ಲ.

ಬೆರೆಸಿದ್ದನ್ನು ಒಂದು ತಿಂಗಳೊಳಗೆ ಮುಗಿಸಿ. ಎರಡು ಮೂರು ದಿನಕ್ಕೆ ಬೇಕಾದಷ್ಟೇ ಬೆರೆಸಿದರೆ ಇನ್ನೂ ಒಳ್ಳೆಯದು.

ಈಗ ಎಥನಾಲ್ ವಿಷಯ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬಂತು. ಇ20 ಎನ್ನುವುದು ಅದನ್ನೇ. ಹಲವು ಹಳೇ ಮಿಷನ್‌ಗಳ ಪುಸ್ತಕದಲ್ಲಿ ಎಥನಾಲ್ 10 ಪಾಲಿನವರೆಗೆ ಮಾತ್ರ ಆಗಬಹುದು ಎಂದಿರುತ್ತದೆ. ಎಥನಾಲಿಗೆ ನೀರು ಹೀರುವ ಗುಣ. ನಮ್ಮ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಬರವೇ? ಅರ್ಧ ತುಂಬಿದ ಟ್ಯಾಂಕನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯಲ್ಲಿ ಬಿಟ್ಟರೆ ಅದರೊಳಗೆ ತೇವ ಸೇರುತ್ತಲೇ ಇರುತ್ತದೆ. ನೀರು ಒಂದು ಮಿತಿ ದಾಟಿತೋ, ನೀರೂ ಎಥನಾಲೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪೆಟ್ರೋಲು ಎಳೆಯುವ ಪೈಪು ಇರುವುದು ಆ ತಳದಲ್ಲೇ. ಎರಡು ಸ್ಟ್ರೋಕಿನ ಮಿಷನ್‌ಗೆ ಇದು ಇನ್ನೂ ಅಪಾಯ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದುಬಿಡುತ್ತದೆ, ಇಂಜಿನ್ನಿಗೆ ಹೋಗುವುದು ಜಿಡ್ಡಿಲ್ಲದ ತಳದ ನೀರು.

ಅನುಮಾನ ಬಂದರೆ ಟ್ಯಾಂಕಿನದನ್ನು ಒಂದು ಗಾಜಿನ ಬಾಟಲಿಗೆ ಸುರಿದು ಬಿಸಿಲಿಲ್ಲದ ಕಡೆ ಸ್ವಲ್ಪ ಹೊತ್ತು ಬಿಡಿ. ನಡುವೆ ಗೆರೆ ಎಳೆದಂತೆ ಎರಡು ಪದರ ಕಂಡರೆ ಅದನ್ನು ಯಾವ ಇಂಜಿನ್ನಿಗೂ ಹಾಕಬೇಡಿ. ಕುಲುಕಿದರೂ ಅದು ಸರಿಹೋಗುವುದಿಲ್ಲ.

ಎಥನಾಲ್ ಹಳೇ ರಬ್ಬರನ್ನೂ ಹಾಳು ಮಾಡುತ್ತದೆ. ಟ್ಯಾಂಕಿನಿಂದ ಕಾರ್ಬೊರೇಟರಿಗೆ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಹೋಗುವ ಸಣ್ಣ ಪೈಪನ್ನು ಬಗ್ಗಿಸಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಥವಾ ಉಬ್ಬಿ ಮೆತ್ತಗಾಗಿದ್ದರೆ ಬದಲಿಸಿ. ಬಿರುಕಿನಿಂದ ಗಾಳಿ ಎಳೆದುಕೊಂಡರೆ ಇಂಜಿನ್ನಿಗೆ ಪೆಟ್ರೋಲು ಕಡಿಮೆಯಾಗಿ ಬಿಸಿಯಾಗುತ್ತದೆ.

ಟ್ಯಾಂಕಿನೊಳಗೆ ಪೈಪಿನ ತುದಿಗೆ ಒಂದು ಪುಟ್ಟ ಫಿಲ್ಟರ್ ಇರುತ್ತದೆ. ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಅದನ್ನು ಟ್ಯಾಂಕಿನ ಬಾಯಿಂದ ಹೊರಗೆಳೆಯಿರಿ. ಪೈಪು ಹರಿಯದಂತೆ ನಿಧಾನಕ್ಕೆ. ಕಪ್ಪಾಗಿದ್ದರೆ ಹೊಸದು ಹಾಕಿ. ವರ್ಷಕ್ಕೊಮ್ಮೆ ಬದಲಿಸಿದರೆ ಇದರ ಚಿಂತೆ ಇರುವುದಿಲ್ಲ. ಇದೇ ಹೊತ್ತಿಗೆ ಟ್ಯಾಂಕನ್ನು ಸ್ವಲ್ಪ ಪೆಟ್ರೋಲಿನಿಂದ ಅಲುಗಿಸಿ ತೊಳೆದುಬಿಡಿ. ತಳದಲ್ಲಿ ಮಣ್ಣಿನ ಕಣ ಕೂತಿರುತ್ತದೆ.

ಟ್ಯಾಂಕಿನ ಮುಚ್ಚಳದ ಹತ್ತಿರ ಗಾಳಿ ಒಳಹೋಗುವ ಸಣ್ಣ ದಾರಿಯೊಂದು ಇರುತ್ತದೆ. ಇದು ಕಟ್ಟಿದರೆ ಮಿಷನ್ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ಹತ್ತಿಪ್ಪತ್ತು ನಿಮಿಷ ಓಡುತ್ತದೆ, ಆಮೇಲೆ ಉಸಿರುಗಟ್ಟಿದ ಹಾಗೆ ನಿಲ್ಲುತ್ತದೆ. ಹಾಗೆ ನಿಂತಾಗ ಮುಚ್ಚಳ ಸ್ವಲ್ಪ ಸಡಿಲಿಸಿ ನೋಡಿ. ಸುಯ್ ಎಂದು ಗಾಳಿ ಒಳಹೋಗಿ, ಆಮೇಲೆ ಇಂಜಿನ್ ಮತ್ತೆ ಓಡಿದರೆ ರೋಗ ಸಿಕ್ಕಿತು. ಆ ದಾರಿ ಬಿಡಿಸಿ, ಇಲ್ಲವೇ ಮುಚ್ಚಳ ಬದಲಿಸಿ. ಇಷ್ಟು ಗೊತ್ತಿಲ್ಲದೆ ಕಾರ್ಬೊರೇಟರ್ ಬಿಚ್ಚಿಸಿದವರು ಎಷ್ಟೋ ಜನ ಇದ್ದಾರೆ.

ನಾಲ್ಕು ಸ್ಟ್ರೋಕಿನ ಆಯಿಲ್

ಜಿಎಕ್ಸ್35 ಇಂಜಿನ್ನಿಗೆ ಹಿಡಿಯುವುದು ಬರೀ 100 ಎಂಎಲ್ ಆಯಿಲ್. ಇಷ್ಟು ಕಡಿಮೆ ಇರುವುದರಿಂದ 20 ಎಂಎಲ್ ಕಮ್ಮಿಯಾದರೂ ಐದನೇ ಒಂದು ಪಾಲು ಹೋಯಿತು ಎಂದೇ ಲೆಕ್ಕ. ಹಾಗಾಗಿ ದಿನಾ ಕೆಲಸಕ್ಕೆ ಇಳಿಯುವ ಮೊದಲು ಮುಚ್ಚಳ ತೆಗೆದು ನೋಡಬೇಕು. ಇಂಜಿನ್ ಸಮತಟ್ಟಾಗಿ ಕೂತಿರಲಿ. ಹಾಕಬೇಕಾದ್ದು 10ಡಬ್ಲ್ಯು-30 ಇಂಜಿನ್ ಆಯಿಲ್.

ಹೊಸ ಮಿಷನ್ ಆದರೆ ಮೊದಲ 10 ಗಂಟೆ ಓಡಿದ ಮೇಲೆ, ಅಥವಾ ಒಂದು ತಿಂಗಳಿಗೆ, ಆಯಿಲ್ ಬದಲಿಸಿ. ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ, ಯಾವುದು ಮೊದಲೋ ಅದು. ಮೊದಲ ಬದಲಾವಣೆಯನ್ನು ಬಿಡಲೇಬೇಡಿ. ಹೊಸ ಭಾಗಗಳು ತಿಕ್ಕಾಡಿ ಉದುರಿದ ಲೋಹದ ಪುಡಿ ಆ ಆಯಿಲಿನಲ್ಲಿರುತ್ತದೆ. ಇಂಜಿನ್ ಬೆಚ್ಚಗಿರುವಾಗ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ, ಆಯಿಲ್ ಮುಚ್ಚಳ ತೆಗೆದು, ಮಿಷನ್ ವಾಲಿಸಿ ಹಳೆಯದನ್ನು ಒಂದು ಡಬ್ಬಕ್ಕೆ ಬಸಿಯಿರಿ. ಹೊಸದನ್ನು ಬಾಯಿಯ ಅಂಚಿನವರೆಗೆ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದ ಆಯಿಲ್ ಏರ್ ಫಿಲ್ಟರಿಗೆ ನುಗ್ಗಿ ಅದನ್ನು ನೆನೆಸುತ್ತದೆ. ಆಮೇಲೆ ಹೊಗೆ ಶುರು.

ಬಸಿದ ಆಯಿಲನ್ನು ತೋಟಕ್ಕೆ, ಹಳ್ಳಕ್ಕೆ ಸುರಿಯಬೇಡಿ. ಡಬ್ಬದಲ್ಲಿ ಕೂಡಿಟ್ಟು, ಬೈಕ್ ಗ್ಯಾರೇಜಿಗೆ ಹೋದಾಗ ಅವರ ಹಳೇ ಆಯಿಲ್ ಡ್ರಮ್ಮಿಗೆ ಹಾಕಿ ಬನ್ನಿ. ನಮ್ಮ ಬಾವಿಗೆ ಇಳಿಯುವುದು ನಮ್ಮ ತೋಟದ ನೀರೇ ಅಲ್ವಾ?

ಏರ್ ಫಿಲ್ಟರ್

ಬೇಸಿಗೆಯ ಒಣ ಹುಲ್ಲಿನಲ್ಲಿ ಹೊಡೆಯುವಾಗ ಏಳುವ ಧೂಳು ನೋಡಿದವರಿಗೆ ಇದರ ಕಷ್ಟ ಹೇಳಬೇಕಾಗಿಲ್ಲ. ಅಂಥ ದಿನಗಳಲ್ಲಿ ಸಂಜೆ ಸಂಜೆ ತೆಗೆದು ನೋಡಿ. ತೆಗೆಯುವ ಮೊದಲು ಚೋಕ್ (ಕಾರ್ಬೊರೇಟರಿಗೆ ಗಾಳಿ ಹೋಗುವ ದಾರಿಯ ಮುಚ್ಚಳ) ಮುಚ್ಚಿ, ಇಲ್ಲವಾದರೆ ಸುತ್ತ ಕೂತ ಕಸ ಸೀದಾ ಕಾರ್ಬೊರೇಟರಿಗೆ ಬೀಳುತ್ತದೆ.

ಸ್ಪಂಜಿನ ಫಿಲ್ಟರ್ ಆದರೆ ಸೋಪಿನ ನೀರಿನಲ್ಲಿ ಅದುಮಿ ಅದುಮಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಜಿಎಕ್ಸ್35ನಂಥವಕ್ಕೆ ಒಣಗಿದ ಮೇಲೆ ಶುದ್ಧ ಇಂಜಿನ್ ಆಯಿಲಿನಲ್ಲಿ ಅದ್ದಿ, ಹನಿ ತೊಟ್ಟಿಕ್ಕದಷ್ಟು ಒತ್ತಿ ತೆಗೆದು ಹಾಕಬೇಕು. ಆ ಜಿಡ್ಡಿಗೇ ಧೂಳು ಅಂಟುವುದು. ಕಾಗದದ ಫಿಲ್ಟರ್ ಆದರೆ ನೀರು ಮುಟ್ಟಿಸಬೇಡಿ. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಗಾಳಿ ಊದಿ. ಕಪ್ಪಾಗಿದ್ದರೆ ಬದಲಿಸಿ. ಫಿಲ್ಟರ್ ಇಲ್ಲದೆ ಒಂದು ದಿನ ಹೊಡೆದುಬಿಡೋಣ ಎನ್ನುವವರಿದ್ದಾರೆ. ಆ ಒಂದು ದಿನದ ಧೂಳು ಪಿಸ್ಟನ್ ರಿಂಗನ್ನು ತೇಯಲು ಸಾಕು.

ಪ್ಲಗ್ ಓದುವುದು

ಪ್ಲಗ್ ತೆಗೆದರೆ ಇಂಜಿನ್ನಿನ ಒಳಗಿನ ಸುದ್ದಿಯೆಲ್ಲ ಸಿಗುತ್ತದೆ. ಮೊದಲು ಅದರ ಸುತ್ತಲಿನ ಕಸ ಬ್ರಷ್‌ನಿಂದ ತೆಗೆಯಿರಿ, ರಂಧ್ರದೊಳಗೆ ಬೀಳದಿರಲಿ. ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಎಲ್ಲ ಸರಿ ಇದೆ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಜಾಸ್ತಿಯಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಸುಟ್ಟಂತಿದ್ದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ, ಪೆಟ್ರೋಲು ಸಾಲುತ್ತಿಲ್ಲ. ಹಾಗಿದ್ದರೆ ಓಡಿಸುವುದನ್ನು ನಿಲ್ಲಿಸಿ, ಪೈಪು ಮತ್ತು ಕಾರ್ಬೊರೇಟರ್ ಬೋಲ್ಟು ನೋಡಿ. ಎಷ್ಟು ಎಳೆದರೂ ಪ್ಲಗ್ ಒಣಗೇ ಇದ್ದರೆ ಪೆಟ್ರೋಲೇ ಬರುತ್ತಿಲ್ಲ. ಒದ್ದೆ ಇದ್ದರೆ ಪೆಟ್ರೋಲು ತುಂಬಿಕೊಂಡಿದೆ ಅಥವಾ ಕಿಡಿ ಬರುತ್ತಿಲ್ಲ.

ತಂತಿ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ ಒರೆಸಿ. ತುದಿಯ ನಡುವಿನ ಸಂದು ಸ್ಟಿಲ್‌ನ ಎರಡು ಸ್ಟ್ರೋಕ್ ಮಿಷನ್‌ಗಳಿಗೆ 0.5 ಮಿ.ಮೀ. ಇರಬೇಕು. ಹೋಂಡಾ ಜಿಎಕ್ಸ್35ಕ್ಕೆ 0.6ರಿಂದ 0.7 ಮಿ.ಮೀ. ಹಾಕುವಾಗ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಮಾತ್ರ ಸ್ಪ್ಯಾನರ್ ಹಿಡಿಯಿರಿ. ಸಿಲಿಂಡರ್ ತಲೆ ಅಲ್ಯೂಮಿನಿಯಂ. ಓರೆಯಾಗಿ ಬಿಗಿದರೆ ಮರೆ (ತಿರುಗಿಸಿ ಬಿಗಿಯುವ ಸುರುಳಿ ಗೆರೆ) ಸವೆದು ದೊಡ್ಡ ಖರ್ಚು. ಸುಮಾರು 100 ಗಂಟೆ ಓಡಿದ ಪ್ಲಗ್ಗನ್ನು ಚೆನ್ನಾಗಿ ಕಂಡರೂ ಬದಲಿಸುವುದೇ ಮೇಲು.

ಉಸಿರಾಡಲು ಜಾಗ ಬಿಡಿ

ಸಿಲಿಂಡರ್ ಸುತ್ತ ಇರುವ ರೆಕ್ಕೆಗಳ ಸಂದಿಯಲ್ಲಿ ಹುಲ್ಲಿನ ಬೀಜ, ಧೂಳು, ಜಿಡ್ಡು ಸೇರಿ ಗಟ್ಟಿಯಾಗುತ್ತದೆ. ಮೇಲಿನ ಪ್ಲಾಸ್ಟಿಕ್ ಕವಚ ತೆಗೆಯದೆ ಇದು ಕಾಣುವುದೂ ಇಲ್ಲ. ಹಂಗಾಮಿಗೊಮ್ಮೆಯಾದರೂ ಕವಚ ಬಿಚ್ಚಿ, ಬ್ರಷ್ ಮತ್ತು ತೆಳ್ಳಗಿನ ಕಡ್ಡಿಯಿಂದ ಸಂದಿ ಬಿಡಿಸಿ. ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗಿ ಶಕ್ತಿ ಕಳೆದುಕೊಳ್ಳುವ ಮಿಷನ್‌ಗಳಲ್ಲಿ ಹೆಚ್ಚಿನವಕ್ಕೆ ಇಷ್ಟೇ ಔಷಧಿ. ಸ್ಟಾರ್ಟರ್ ಮುಚ್ಚಳದಲ್ಲಿ ಗಾಳಿ ಒಳಹೋಗುವ ಕಿಂಡಿಗಳನ್ನೂ ಒರೆಸಿ.

ಸೈಲೆನ್ಸರ್ ಬಾಯಲ್ಲಿ ಹಲವು ಮಿಷನ್‌ಗಳಿಗೆ ಸಣ್ಣ ಜಾಲರಿ ಇರುತ್ತದೆ. ಕಿಡಿ ಹೊರಗೆ ಹಾರದಿರಲಿ ಎಂದು. ಮಸಿ ಕಟ್ಟಿದರೆ ಇಂಜಿನ್ ಸಣ್ಣ ವೇಗದಲ್ಲಿ ಚೆನ್ನಾಗಿರುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಏರುವುದೇ ಇಲ್ಲ. ಜಾಲರಿ ಬಿಚ್ಚಿ ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ. ಹಾಕದೆ ಬಿಡಬೇಡಿ. ಫೆಬ್ರವರಿ, ಮಾರ್ಚ್‌ನ ಒಣ ತರಗೆಲೆಯಲ್ಲಿ ಒಂದು ಕಿಡಿ ಏನು ಮಾಡಬಹುದು ಎಂದು ಬೆಟ್ಟದ ಪಕ್ಕ ಇರುವವರಿಗೆ ಗೊತ್ತು.

ಗೇರ್ ಬಾಕ್ಸ್

ಬ್ಲೇಡಿನ ಮೇಲಿರುವ ಮುಷ್ಟಿ ಗಾತ್ರದ ಈ ಭಾಗವನ್ನು ಜನ ಮರೆತೇಬಿಡುತ್ತಾರೆ. ಒಳಗೆ ಎರಡು ಗೇರು, ಬೇರಿಂಗು, ಸ್ವಲ್ಪ ಗ್ರೀಸು. ಪಕ್ಕದಲ್ಲಿ ಒಂದು ಬೋಲ್ಟು ಇರುತ್ತದೆ. ಸುಮಾರು 25 ಗಂಟೆಯ ಕೆಲಸಕ್ಕೊಮ್ಮೆ ಅದನ್ನು ಬಿಚ್ಚಿ ನೋಡಿ. ಬೋಲ್ಟಿನ ಒಳತುದಿಗೆ ಗ್ರೀಸ್ ಅಂಟಿದ್ದರೆ ಸಾಕು. ಒಣಗಿದ್ದರೆ 5ರಿಂದ 10 ಗ್ರಾಂ ಗ್ರೀಸ್ ತುಂಬಿ, ಬ್ಲೇಡನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ. ಗಿಡಿದು ತುಂಬಬೇಡಿ. ಬಿಸಿಯಾದಾಗ ಗ್ರೀಸ್ ಹಿಗ್ಗಿ ಸೀಲನ್ನು ಹೊರದಬ್ಬುತ್ತದೆ.

ಬ್ಲೇಡ್ ಬಿಚ್ಚಿದಾಗ ಅದರ ಮೇಲಿನ ತಟ್ಟೆಯ ಹಿಂದೆ ನೋಡಿ. ಉದ್ದ ಹುಲ್ಲು, ಬಳ್ಳಿ, ಪ್ಲಾಸ್ಟಿಕ್ ಚೀಲದ ಎಳೆ ಅಲ್ಲಿ ಹಗ್ಗದಂತೆ ಸುತ್ತಿಕೊಂಡಿರುತ್ತದೆ. ಅದು ತಿರುಗುತ್ತಾ ತಿರುಗುತ್ತಾ ಸೀಲನ್ನು ತಿನ್ನುತ್ತದೆ. ಸೀಲು ಹೋದರೆ ಗ್ರೀಸು ಹೊರಕ್ಕೆ, ಕೆಸರು ಒಳಕ್ಕೆ, ಆಮೇಲೆ ಬೇರಿಂಗಿನ ಕಿರ್ ಕಿರ್ ಶಬ್ದ. ಚಾಕುವಿನಿಂದ ಕುಯ್ದು ಪೂರ್ತಿ ತೆಗೆಯಿರಿ. ಬ್ಲೇಡನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ಆಟ ಇದ್ದರೆ ಬೇರಿಂಗ್ ಬದಲಿಸುವ ಕಾಲ ಬಂದಿದೆ.

ಬೆನ್ನಿಗೆ ಹಾಕುವ ಮಿಷನ್ ಆದರೆ ಅದರ ಬಳುಕುವ ಪೈಪಿನೊಳಗಿನ ಕೇಬಲ್ಲಿಗೂ ಗ್ರೀಸ್ ಬೇಕು. ಹೊರಗೆಳೆದು ಒರೆಸಿ, ತೆಳ್ಳಗೆ ಗ್ರೀಸ್ ಸವರಿ ವಾಪಸ್ ಹಾಕಿ. ಆ ಪೈಪನ್ನು ಚೂಪಾಗಿ ಬಗ್ಗಿಸಿಕೊಂಡು ಕೆಲಸ ಮಾಡಿದರೆ ಎಷ್ಟು ಗ್ರೀಸ್ ಹಾಕಿದರೂ ಕೇಬಲ್ ಉಳಿಯುವುದಿಲ್ಲ.

ಬ್ಲೇಡು ಮತ್ತು ನೈಲಾನ್ ದಾರ

ಬ್ಲೇಡಿನ ನಟ್ಟು ಹೆಚ್ಚಿನ ಮಿಷನ್‌ಗಳಲ್ಲಿ ಉಲ್ಟಾ ಮರೆಯದು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲ, ವಿರುದ್ಧ ತಿರುಗಿಸಿದರೆ ಬಿಗಿ. ಇದು ತಿಳಿಯದೆ ಬಲ ಹಾಕಿ ಮುರಿದುಕೊಂಡವರು ಬಹಳ. ತಟ್ಟೆಯ ರಂಧ್ರವನ್ನು ಗೇರ್ ಬಾಕ್ಸಿನ ರಂಧ್ರಕ್ಕೆ ಸರಿಯಾಗಿ ಹೊಂದಿಸಿ, ಅಲೆನ್ ಕೀ ತೂರಿಸಿ ಹಿಡಿದರೆ ಶಾಫ್ಟ್ ತಿರುಗುವುದಿಲ್ಲ. ಆಮೇಲೆ ನಟ್ಟು ತಿರುಗಿಸಿ. ಬಿಗಿದಾದ ಮೇಲೆ ಅಲೆನ್ ಕೀ ತೆಗೆಯಲು ಮರೆಯಬೇಡಿ. ನಟ್ಟು ಕೈಯಲ್ಲೇ ಸಲೀಸಾಗಿ ಪೂರ್ತಿ ಇಳಿಯುವಷ್ಟು ಸವೆದಿದ್ದರೆ ಹೊಸದು ಹಾಕಿ.

ಮೊಂಡಾದ ಬ್ಲೇಡು ಹುಲ್ಲನ್ನು ಕತ್ತರಿಸದೆ ಜಜ್ಜುತ್ತದೆ. ಇಂಜಿನ್ನಿಗೂ ಭಾರ, ನಮ್ಮ ಕೈಗೂ ನೋವು. ಅರ ಹಿಡಿಯುವಾಗ ಮೊದಲಿದ್ದ ಓರೆಯನ್ನೇ ಅನುಸರಿಸಿ, ಒಂದೇ ದಿಕ್ಕಿಗೆ ಎಳೆಯಿರಿ. ಒಂದು ಹಲ್ಲಿಗೆ ಎಷ್ಟು ಎಳೆತವೋ ಉಳಿದ ಹಲ್ಲುಗಳಿಗೂ ಅಷ್ಟೇ. ಒಂದು ಕಡೆ ತೂಕ ಹೆಚ್ಚಾದರೆ ಬ್ಲೇಡು ನಡುಗುತ್ತದೆ, ಆ ನಡುಕ ಬೇರಿಂಗಿಗೂ ಹಿಡಿಕೆಗೂ ಹೋಗುತ್ತದೆ. ತೂಕ ನೋಡಲು ಬ್ಲೇಡಿನ ನಡುವಿನ ರಂಧ್ರಕ್ಕೆ ಸ್ಕ್ರೂಡ್ರೈವರ್ ತೂರಿಸಿ ಅಡ್ಡ ಹಿಡಿಯಿರಿ. ಪ್ರತಿ ಸಲವೂ ಅದೇ ಹಲ್ಲು ಕೆಳಗೆ ಬಂದು ನಿಂತರೆ ಅದನ್ನು ಇನ್ನೂ ಸ್ವಲ್ಪ ಅರೆಯಿರಿ. ಗ್ರೈಂಡರಿನಲ್ಲಿ ನೀಲಿ ಬಣ್ಣ ಬರುವಷ್ಟು ಬಿಸಿ ಮಾಡಬೇಡಿ. ಉಕ್ಕಿನ ಗಟ್ಟಿತನ ಹೋಗುತ್ತದೆ.

ಬಿರುಕು ಬಿಟ್ಟ, ಬಗ್ಗಿದ ಬ್ಲೇಡನ್ನು ಬೆಸುಗೆ ಹಾಕಿಸಿಯಾಗಲಿ ಬಡಿದು ನೆಟ್ಟಗೆ ಮಾಡಿಯಾಗಲಿ ಬಳಸಬೇಡಿ. ಬ್ಲೇಡಿನ ಜಾಗಕ್ಕೆ ಹಾಕುವ ನೈಲಾನ್ ದಾರದ ಬದಲು ಸೈಕಲ್ ಬ್ರೇಕ್ ಕೇಬಲ್, ಕಬ್ಬಿಣದ ತಂತಿ ಹಾಕುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಅದರ ತುಂಡು ಹಾರಿದರೆ ಗುಂಡಿನಂತೆ ಹೋಗುತ್ತದೆ. ಮಿಷನ್ ಓಡುವಾಗ 15 ಮೀಟರ್ ಒಳಗೆ ಯಾರೂ ಬರಬಾರದು ಎನ್ನುವುದು ಸುಮ್ನೆ ಹಾಕಿದ ಲೆಕ್ಕವಲ್ಲ. ಬ್ಲೇಡಿನ ಮೇಲಿನ ಗಾರ್ಡನ್ನು ಅಡ್ಡ ಬರುತ್ತದೆಂದು ಬಿಚ್ಚಿಡುವವರೂ ಇದನ್ನು ಯೋಚಿಸಲಿ.

ನೈಲಾನ್ ದಾರ ಒಣಗಿ ಪಟ್ ಪಟ್ ಎಂದು ತುಂಡಾಗುತ್ತಿದ್ದರೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಿ. ಮತ್ತೆ ಬಳುಕು ಬರುತ್ತದೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ದಪ್ಪ ದಾರ ಹಾಕಿದರೆ ಇಂಜಿನ್ನಿಗೆ ಭಾರ ಜಾಸ್ತಿಯಾಗಿ ಕ್ಲಚ್ ಸುಡುತ್ತದೆ.

ದಿನದ ಕೆಲಸ ಮುಗಿದ ಮೇಲೆ

ಹುಲ್ಲಿನ ರಸ ಹಸಿ ಇರುವಾಗಲೇ ಗಾರ್ಡಿನ ಒಳಭಾಗ ಕೆರೆದುಬಿಡಿ. ಮರುದಿನಕ್ಕೆ ಅದು ಸಿಮೆಂಟಾಗಿರುತ್ತದೆ. ಇಂಜಿನ್ನನ್ನು ಒಣ ಬಟ್ಟೆಯಲ್ಲಿ ಒರೆಸಿ. ಬೈಕ್ ತೊಳೆಯುವ ಪೈಪು ಹಿಡಿದು ನೀರು ಹೊಡೆಯಬೇಡಿ. ನಟ್ಟು ಬೋಲ್ಟುಗಳನ್ನು, ಅದರಲ್ಲೂ ಹಿಡಿಕೆ ಮತ್ತು ಸೈಲೆನ್ಸರಿನವನ್ನು, ಒಮ್ಮೆ ಮುಟ್ಟಿ ನೋಡಿ. ನಡುಕಕ್ಕೆ ಸಡಿಲವಾಗುವುದು ಇವೇ ಮೊದಲು.

ಹಗ್ಗದ ಬಗ್ಗೆಯೂ ಒಂದು ಮಾತು. ಎಳೆಯುವಾಗ ಮೊದಲು ನಿಧಾನಕ್ಕೆ ಎಳೆದು, ಬಿಗಿ ಸಿಕ್ಕ ಮೇಲೆ ಜೋರಾಗಿ ಎಳೆಯಿರಿ. ಕೊನೆಯವರೆಗೂ ಎಳೆಯಬೇಡಿ, ಬಿಡುವಾಗ ಕೈಯಲ್ಲೇ ಹಿಡಿದು ವಾಪಸ್ ಬಿಡಿ. ಹಗ್ಗ ಸುಲಿದಿದ್ದರೆ ತುಂಡಾಗುವ ಮುಂಚೆಯೇ ಬದಲಿಸಿ. ಸ್ಟಾರ್ಟರ್ ಬಿಚ್ಚಿದಾಗ ಒಳಗಿನ ಸುರುಳಿ ಸ್ಪ್ರಿಂಗ್ ಹಾರದಂತೆ ರಾಟೆಯನ್ನು ಒತ್ತಿ ಹಿಡಿಯಬೇಕು, ಕಣ್ಣಿಗೆ ಕನ್ನಡಕ ಇರಲಿ.

ಸ್ಟಾರ್ಟ್ ಆಗದಿದ್ದಾಗ ಯಾವ ಕ್ರಮದಲ್ಲಿ ನೋಡುವುದು

ಮೊದಲು ಸ್ವಿಚ್. ನಗಬೇಡಿ, ಮರ ಗಿಡಕ್ಕೆ ತಾಗಿ ಆಫ್ ಆಗಿರುತ್ತದೆ. ಆಮೇಲೆ ಟ್ಯಾಂಕಿನಲ್ಲಿ ಇರುವುದು ಹೊಸ ಪೆಟ್ರೋಲೇ? ಅನುಮಾನ ಇದ್ದರೆ ಚೆಲ್ಲಾಡದೆ ಬಸಿದು ಹೊಸದು ಹಾಕಿ. ಕಾರ್ಬೊರೇಟರ್ ಕೆಳಗಿನ ರಬ್ಬರ್ ಬುರುಡೆಯನ್ನು ಒತ್ತಿದಾಗ ಪೆಟ್ರೋಲು ತುಂಬಿಕೊಳ್ಳುತ್ತದೆಯೇ? ತುಂಬದಿದ್ದರೆ ಟ್ಯಾಂಕಿನ ಫಿಲ್ಟರ್, ಪೈಪು, ಅಥವಾ ಆ ಬುರುಡೆಯೇ ಒಡೆದಿದೆ. ತುಂಬಿದರೆ ಪ್ಲಗ್ ಕಡೆ ಹೋಗಿ.

ಪ್ಲಗ್ ಒದ್ದೆ ಇದ್ದರೆ ಒರೆಸಿ ಬದಿಗಿಡಿ. ಸ್ವಿಚ್ ಆಫ್ ಇಟ್ಟು, ಚೋಕ್ ತೆರೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಗ್ಗವನ್ನು ಹಲವು ಸಲ ಎಳೆದರೆ ಒಳಗಿನ ಪೆಟ್ರೋಲು ಹೊರಬರುತ್ತದೆ. ಚೆನ್ನಾಗಿ ಆರಲು ಬಿಟ್ಟು, ಪ್ಲಗ್ ಹಾಕಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ. ಆದರೂ ಆಗದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಬಿಸಿ ಇಂಜಿನ್ನಿಗೆ ಚೋಕ್ ಹಾಕುವುದೇ ಬಹಳ ಸಲ ಈ ಫಜೀತಿಗೆ ಕಾರಣ.

ಆಕ್ಸಿಲರೇಟರ್ ಬಿಟ್ಟ ಮೇಲೂ ಬ್ಲೇಡು ತಿರುಗುತ್ತಿದ್ದರೆ ಸಣ್ಣ ವೇಗ ಜಾಸ್ತಿ ಇದೆ ಎಂದರ್ಥ. ಸ್ಟಿಲ್‌ನಲ್ಲಿ ಎಲ್‌ಎ ಎಂದು ಬರೆದ ಸ್ಕ್ರೂ ಇರುತ್ತದೆ. ಅದನ್ನು ಗಡಿಯಾರದ ವಿರುದ್ಧ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಬ್ಲೇಡು ನಿಲ್ಲುವವರೆಗೆ. ಆದರೂ ನಿಲ್ಲದಿದ್ದರೆ ಕ್ಲಚ್ ಸ್ಪ್ರಿಂಗ್ ಹೋಗಿದೆ, ಆ ಮಿಷನ್ ಹಿಡಿದು ತೋಟಕ್ಕೆ ಇಳಿಯಬೇಡಿ. ಪೆಟ್ರೋಲಿನ ಅಳತೆ ಹಿಡಿಯುವ ಎಚ್ ಮತ್ತು ಎಲ್ ಎಂಬ ಇನ್ನೆರಡು ಸ್ಕ್ರೂಗಳನ್ನು ಸುಮ್ನೆ ತಿರುಗಿಸಬೇಡಿ. ಎಚ್ ಜಾಸ್ತಿ ಬಿಗಿಯಾದರೆ ಪೆಟ್ರೋಲು ಕಡಿಮೆಯಾಗಿ ಇಂಜಿನ್ ಸುಡುತ್ತದೆ. ಅದು ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಎತ್ತಿಡುವಾಗ

ಒಂದೆರಡು ತಿಂಗಳು ಕೆಲಸ ಇಲ್ಲ ಎಂದಾದರೆ ಟ್ಯಾಂಕ್ ಪೂರ್ತಿ ಬಸಿಯಿರಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವವರೆಗೆ ಸಣ್ಣ ವೇಗದಲ್ಲಿ ಓಡಲು ಬಿಡಿ. ಕಾರ್ಬೊರೇಟರ್ ಒಳಗೆ ತೆಳ್ಳಗಿನ ರಬ್ಬರ್ ಹಾಳೆಗಳಿವೆ. ಪೆಟ್ರೋಲು ಅಲ್ಲೇ ಒಣಗಿದರೆ ಅವು ಅಂಟಿಕೊಂಡು ಗಟ್ಟಿಯಾಗುತ್ತವೆ. ಮಳೆಗಾಲ ಕಳೆದು ಸ್ಟಾರ್ಟ್ ಆಗದ ಮಿಷನ್‌ಗಳ ಕಥೆ ಹೆಚ್ಚಾಗಿ ಇದೇ.

ಬ್ಲೇಡು ಬಿಚ್ಚಿ, ಒರೆಸಿ, ಆಯಿಲ್ ಸವರಿ ಕಾಗದದಲ್ಲಿ ಸುತ್ತಿಡಿ. ಮಿಷನ್ನನ್ನು ನೆಲಕ್ಕೆ ಹಾಕದೆ ತೂಗುಹಾಕಿ. ನೆಲದಲ್ಲಿದ್ದರೆ ತೇವ, ಅದರ ಜೊತೆ ಇಲಿ. ಪೆಟ್ರೋಲ್ ಪೈಪನ್ನೂ ಸ್ಪಂಜನ್ನೂ ಇಲಿ ಬಿಡುವುದಿಲ್ಲ. ನಾಲ್ಕು ಸ್ಟ್ರೋಕಿನದನ್ನು ಇಂಜಿನ್ ತಲೆಕೆಳಗಾಗುವಂತೆ ಇಡಬೇಡಿ. ಗೊಬ್ಬರದ ಚೀಲ, ಸುಣ್ಣ, ಮೈಲುತುತ್ತದ ಪಕ್ಕವೂ ಬೇಡ. ಅಲ್ಯೂಮಿನಿಯಂಗೆ ಬಿಳಿ ಹುಡಿ ಹಿಡಿಯುವುದು ಅಲ್ಲಿಂದಲೇ.

ಮೆಕ್ಯಾನಿಕ್ ಹತ್ತಿರ ಒಯ್ಯಬೇಕಾದ್ದು

ಹಗ್ಗ ಎಳೆದಾಗ ಬಿಗಿಯೇ ಸಿಗದಿದ್ದರೆ ಕಂಪ್ರೆಷನ್ ಹೋಗಿದೆ, ಒಳಗಿನ ರಿಂಗೋ ಸಿಲಿಂಡರೋ ನೋಡಬೇಕು. ಹೊಸ ಪ್ಲಗ್ ಹಾಕಿಯೂ ಕಿಡಿ ಬರದಿದ್ದರೆ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ನೋಡಬೇಕು. ಹೊಸ ಪೆಟ್ರೋಲು, ಹೊಸ ಫಿಲ್ಟರ್ ಎಲ್ಲ ಹಾಕಿಯೂ ಚೋಕ್‌ನಲ್ಲಿ ಮಾತ್ರ ಓಡಿದರೆ ಕಾರ್ಬೊರೇಟರಿನ ರಬ್ಬರ್ ಹಾಳೆಗಳ ಕಿಟ್ ಬದಲಿಸಬೇಕು. ನಾಲ್ಕು ಸ್ಟ್ರೋಕಿನ ವಾಲ್ವ್ ಸಂದು ನೋಡುವುದೂ ಅವರದೇ ಕೆಲಸ. ಒಯ್ದಾಗ ಸುಮ್ನೆ 'ಸ್ಟಾರ್ಟ್ ಆಗ್ತಿಲ್ಲ' ಎನ್ನುವ ಬದಲು, ಪ್ಲಗ್ ಒಣಗಿತ್ತೋ ಒದ್ದೆಯೋ, ಪೆಟ್ರೋಲು ಯಾವಾಗಿನದು, ಬಿಸಿಯಾದ ಮೇಲೆ ನಿಂತಿತೋ ತಣ್ಣಗಿರುವಾಗಲೋ ಎಂದು ಹೇಳಿ. ಅವರಿಗೆ ಬಿಚ್ಚುವ ಕೆಲಸ ಕಡಿಮೆಯಾಗುತ್ತದೆ, ನಿಮಗೆ ಬಿಲ್ಲು.